ಆ ತಾಯಿಗೊಂದು ಕುರ್ಚಿ ಹಾಕಿ ಸ್ವಾಮಿ!

ಬೆಳಗಿನ ಹೊತ್ತು ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ನಿಂತು ಬಸ್ಸು ಕಾಯುವವರಿಗೆ ಇಂಥ ತಾಯಿ-ಮಗನ ಜೋಡಿ ಹೊಸದೇನಲ್ಲ. ತಾಯಿಗೆ ಐವತ್ತರ ಮೇಲಾಗಿದೆ. ಮಗನಿಗೆ ಮೀಸೆ ಬಂದಿದೆ, ಆದರೂ ಒಂದು ಕೈ ತಾಯಿಯ ಸೆರಗನ್ನು ಬಿಟ್ಟಿಲ್ಲ. ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಕವರು. ಅದರೊಳಗೆ ರೇಷನ್ ಕಾರ್ಡಿನ ಜೆರಾಕ್ಸು, ಆಧಾರ್, ಮಾಸಿದ ಹಳೇ ಸರ್ಟಿಫಿಕೇಟು, ನಾಲ್ಕು ಫೋಟೋ. ಆ ಕವರು ಹಿಡಿಯುವುದು ಅವನ ಡ್ಯೂಟಿ. ಕಂಡಕ್ಟರು ತಮಾಷೆಗೆ ಕೇಳಿದರೂ ಕೊಡುವುದಿಲ್ಲ.

ಮೊನ್ನೆ ತೆರಕಣಾಂಬಿ ಮಾರ್ಗದ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲೇ ಕೂತಿದ್ದರಿಂದ ಎಲ್ಲಿಗಮ್ಮಾ ಎಂದು ಕೇಳಿದೆವು.

"ಇವುನ್ ಕಾರ್ಡ್ಗ ಸೋಮಿ. ಇದು ನಾಕ್ನೇ ಸಲ. ಒಂದ್ಸಲ ಡಾಕ್ಟ್ರು ಇರ್ನಿಲ್ಲ. ಒಂದ್ಸಲ ಕಂಪೂಟ್ರು ಕೆಟ್ಟೋಗಿತ್ತು. ಹೋದ್ಸಲ ಎಲ್ಲಾರೂ ಇದ್ರು, ಇವ್ನೇ ಆಧಾರ್ ಮಿಷನ್ ಮ್ಯಾಲ ಹೆಬ್ಬೆಟ್ಟು ಇಡ್ನಿಲ್ಲ. ಅಲ್ಲಿ ಫ್ಯಾನು ಗರಗರ ಅಂತದ, ಅದ್ಕ ಎದ್ರುಕತನ. ಮೂರ್ ಗಂಟ ಆದ್ಮ್ಯಾಲ ಜನ ಇರಲ್ಲ. ಆಗ ಫ್ಯಾನ್ ಆರ್ಸಿ ಕರದ್ರ ಐದ್ ನಿಮ್ಸದ ಕೆಲ್ಸ. ಅದ ನಾ ಯಾರ್ಗ ಹೇಳ್ಲಿ?"

ಯಾರಿಗೆ ಹೇಳಲಿ? ಈ ಪ್ರಶ್ನೆಗೆ ಉತ್ತರ ನಮ್ಮಲ್ಲೂ ಇರಲಿಲ್ಲ. ಯಾವ ಕಚೇರಿ, ಯಾವ ಊರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿನ ಗುಮಾಸ್ತರು ಕೆಟ್ಟವರೆಂದು ಆ ತಾಯಿಯೂ ಹೇಳಲಿಲ್ಲ. ಕ್ಯೂ ಉದ್ದವಿದೆ, ಅವರಿಗೂ ಮೇಲಿನಿಂದ ಒತ್ತಡವಿದೆ. ಆದರೆ ಐದು ನಿಮಿಷದ ಕೆಲಸಕ್ಕೆ ನಾಲ್ಕು ದಿನದ ಕೂಲಿ ಹೋಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ತಾಯಿಗೆ ಬಸ್ ಚಾರ್ಜು ಉಳಿಯಿತು ನಿಜ. ಕೂಲಿಯನ್ನು ಯಾವ ಯೋಜನೆಯೂ ತುಂಬಿಕೊಡುವುದಿಲ್ಲ. ತಂದೆ ಕರೆದುಕೊಂಡು ಹೋದರಂತೂ ಎರಡೂ ನಷ್ಟ. ನಮ್ಮ ಅಂಗಡಿ ಬೀದಿಯ ವ್ಯಾಪಾರಿಗಳಲ್ಲೂ ಇಂಥ ತಂದೆಯರಿದ್ದಾರೆ. ಹಗಲು ಹೊತ್ತಿನಲ್ಲಿ ಒಂದು ಅಂಗಡಿಯ ಬಾಗಿಲು ಎಳೆದಿದ್ದರೆ 'ಏನೋ ಶೋಕಿ' ಎಂದು ಅಕ್ಕಪಕ್ಕದವರು ನಗಬೇಡಿ. ಮಗಳನ್ನು ಮೈಸೂರಿಗೆ ಬುದ್ಧಿಮಟ್ಟದ ಪರೀಕ್ಷೆಗೆ ಕರೆದೊಯ್ದಿರಬಹುದು.

ಇಂಥ ಮಕ್ಕಳಿಗೆ ಸರ್ಕಾರ ಕಾಲಕಾಲಕ್ಕೆ ಹೊಸ ಹೆಸರು ಇಡುತ್ತದೆ. ಮೊದಲು ಬುದ್ಧಿಮಾಂದ್ಯರು ಅಂದರು. ಈಗ ಬೌದ್ಧಿಕ ವಿಕಲಚೇತನರು ಅನ್ನುತ್ತಾರೆ. ಬೀದಿಯಲ್ಲಿ ಕರೆಯುವ ಹೆಸರುಗಳನ್ನು ಇಲ್ಲಿ ಅಚ್ಚು ಹಾಕಲು ನಮಗೆ ನಾಚಿಕೆ. 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಎಲ್ಲ ಬಗೆಯ ಅಂಗವಿಕಲರು 13,24,205 ಮಂದಿ. ಅವರಲ್ಲಿ ಬುದ್ಧಿಯ ಬೆಳವಣಿಗೆ ಕುಂಠಿತವಾದವರು ಎಂದು ಬರೆಸಿಕೊಂಡವರು 93,974. ಬರೆಸಿಕೊಂಡವರ ಲೆಕ್ಕ ಇದು. ಹೆಣ್ಣು ಕೊಡುವುದಿಲ್ಲ, ಗಂಡು ಬರುವುದಿಲ್ಲ ಎಂದು ಹೆದರಿ ಗಣತಿಯವರ ಮುಂದೆ ಬಾಯಿ ಬಿಡದ ಮನೆಗಳು ಎಷ್ಟಿದ್ದವೋ!

ಇಷ್ಟು ಜನರಿಗಾಗಿ ಬೆಂಗಳೂರಿನಲ್ಲಿ ಯೋಜನೆ ಬರೆಯುವ ಮೇಜಿನ ಸುತ್ತ ಇವರ ಪರವಾಗಿ ಕೂರುವವರು ಯಾರು? ಕಣ್ಣಿಲ್ಲದವರು ತಮ್ಮ ಕಷ್ಟ ತಾವೇ ಹೇಳಿಕೊಳ್ಳುತ್ತಾರೆ. ಕಾಲಿಲ್ಲದವರು ಜಿಲ್ಲಾಧಿಕಾರಿ ಕಚೇರಿ ಮುಂದೆ ಧರಣಿ ಕೂರುತ್ತಾರೆ, ಕೂರಬೇಕು. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ಓದುಬರಹ ಬಲ್ಲ ವಿಕಲಚೇತನರನ್ನೇ ಆ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಒಳ್ಳೆಯ ಪದ್ಧತಿ. ಆದರೆ ಅ ಆ ಇ ಈ ತಲೆಗೆ ಹತ್ತದವನು ಆ ಕುರ್ಚಿಗೆ ಬರುವುದು ಹೇಗೆ? ಅವನ ಮಾತು ತಿಳಿಯುವುದು ಅವನ ತಾಯಿಗೆ, ತಂದೆಗೆ, ಹೆಚ್ಚೆಂದರೆ ಒಡಹುಟ್ಟಿದವರಿಗೆ.

ಮೇಜಿನ ಹತ್ತಿರ ಆ ತಾಯಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ವರಮಾನದಲ್ಲಿ ಶೇಕಡಾ 5ರಷ್ಟನ್ನು ವಿಕಲಚೇತನರಿಗೆ ಖರ್ಚು ಮಾಡಬೇಕೆಂದಿದೆ. ವಿಕಲಚೇತನರೆಂದ ಕೂಡಲೇ ಸದಸ್ಯರ ಕಣ್ಣಿಗೆ ಬರುವುದು ಮೂರು ಗಾಲಿಯ ಸೈಕಲ್ಲು. ಕೊಟ್ಟರೆ ಫೋಟೋ ಚೆನ್ನಾಗಿ ಬರುತ್ತದೆ. ಓಡಾಡಲು ಎರಡು ಕಾಲೂ ಗಟ್ಟಿಯಾಗಿರುವ, ಓಡಿಹೋದರೆ ದಾರಿ ತಿಳಿಯದ ಹುಡುಗನಿಗೆ ಆ ಸೈಕಲ್ಲಿನಿಂದ ಏನು ಉಪಯೋಗ? ಅವನ ತಾಯಿಯನ್ನು ಕೇಳಿದ್ದರೆ ಹೇಳುತ್ತಿದ್ದಳು: ನಾನು ಹೊಲಕ್ಕೆ ಹೋಗಿ ಬರುವ ತನಕ ಅವನನ್ನು ಕೂರಿಸಿಕೊಳ್ಳಲು ಒಂದು ಕೋಣೆ, ನೋಡಿಕೊಳ್ಳಲು ಒಬ್ಬಳು ಆಯಾ ಕೊಡಿ ಸಾಕು. ಆ ಕೋಣೆ ಇಲ್ಲದ್ದಕ್ಕೇ ಎಷ್ಟೋ ಮನೆಗಳಲ್ಲಿ ಹೊರಗಿನಿಂದ ಚಿಲಕ ಬೀಳುತ್ತದೆ. ಶುಂಠಿ ಕೆಲಸಕ್ಕೋ ಕೊಡಗಿನ ಕಾಫಿ ತೋಟಕ್ಕೋ ಗುಳೆ ಹೋಗುವ ಸಂಸಾರಗಳು ಇಂಥ ಕೂಸನ್ನು ಕುರುಡು ಅಜ್ಜಿಯ ಕೈಗೆ ಒಪ್ಪಿಸಿ ಹೋಗುತ್ತವೆ.

ಇನ್ನೊಂದು ಉದಾಹರಣೆ ವಿಧಾನಸೌಧದ್ದೇ. 2024-25ರ ರಾಜ್ಯ ಬಜೆಟ್ಟಿನಲ್ಲಿ ಆರೈಕೆ ಮಾಡುವವರಿಗೆ ತಿಂಗಳಿಗೆ 1000 ರೂಪಾಯಿ ಎಂದು ಘೋಷಣೆ ಆಯಿತು. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ನಾಲ್ಕು ಕಾಯಿಲೆ ಹೆಸರಿಸಿದರು. ಆರೈಕೆ ಮಾಡುವವರ ಕೆಲಸವೂ ಕೆಲಸವೇ ಎಂದು ಒಪ್ಪಿದ್ದಕ್ಕೆ ಸರ್ಕಾರಕ್ಕೆ ನಮಸ್ಕಾರ. ಆದರೆ ಮೂವತ್ತು ವರ್ಷದ ಮಗನಿಗೆ ಇಂದಿಗೂ ಸ್ನಾನ ಮಾಡಿಸುವ ತಾಯಿ, ಮಗನದು ಬುದ್ಧಿಯ ಕುಂದು ಮಾತ್ರ ಎಂದಾದರೆ, ಆ ನಾಲ್ಕು ಹೆಸರಿನೊಳಗೆ ಬರಲಿಲ್ಲ. ನೆರೆಯ ಕೇರಳದಲ್ಲಿ ಆಶ್ವಾಸಕಿರಣಂ ಎಂಬ ಯೋಜನೆಯಿದೆ. 600 ರೂಪಾಯಿ ಮಾತ್ರ, ಅದೂ ತಿಂಗಳುಗಟ್ಟಲೆ ಬಾಕಿ ಬೀಳುತ್ತದೆಂದು ಅಲ್ಲಿನವರ ಗೋಳು. ಆದರೂ ಹಾಸಿಗೆ ಹಿಡಿದವರ ಜೊತೆಗೆ ಬುದ್ಧಿ ಬೆಳೆಯದವರನ್ನು ನೋಡಿಕೊಳ್ಳುವವರೂ ಆ ಪಟ್ಟಿಯಲ್ಲಿದ್ದಾರೆ. ಯಾವ ಮೇಜಿನ ಮುಂದೆ ಯಾರು ಕೂತಿದ್ದರು ಎಂಬುದರ ಮೇಲೆ ಪಟ್ಟಿ ಆಗುತ್ತದೆ ಸ್ವಾಮಿ!

ಈಗ ನಮ್ಮ ಸಲಹೆ. ಇಂಥ ತಂದೆತಾಯಂದಿರಿಗೆ ಸರ್ಕಾರ ಫೆಲೋಶಿಪ್ ಕೊಡಬೇಕು. ಫೆಲೋಶಿಪ್ ಎಂದರೆ ಯೂನಿವರ್ಸಿಟಿ, ಪಿಎಚ್‌ಡಿ, ಕನ್ನಡಕ ಎಂದು ತಿಳಿಯಬೇಡಿ. ಒಂದು ವರ್ಷದ ಮಟ್ಟಿಗೆ ಭತ್ಯೆ ಕೊಟ್ಟು, ಸರ್ಕಾರಿ ಕಚೇರಿಯೊಳಗೆ ಕುರ್ಚಿ ಹಾಕಿ, ಕಡತ ಹೇಗೆ ಓಡುತ್ತದೆ, ಆದೇಶ ಹೇಗೆ ಹೊರಡುತ್ತದೆ, ಬಜೆಟ್ಟಿನ ಸಾಲು ಯಾರು ಬರೆಯುತ್ತಾರೆ ಎಂಬುದನ್ನು ಅವರಿಗೆ ಕಲಿಸುವುದು. ಆ ಸಾಲು ಬರೆಯುವ ಮೊದಲು ಅವರನ್ನು ಒಂದು ಮಾತು ಕೇಳುವುದು.

ಇದು ನಮ್ಮ ತಲೆಯಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ತಂಗಿ ರೋಸ್‌ಮರಿಗೆ ಇದೇ ಕೊರತೆ ಇತ್ತು. ಅಷ್ಟು ದೊಡ್ಡ ಮನೆತನವೂ ಅವಳನ್ನು ವರ್ಷಗಟ್ಟಲೆ ಜನರ ಕಣ್ಣಿಂದ ಮರೆ ಮಾಡಿಟ್ಟಿತ್ತು. 1962ರಲ್ಲಿ ಇನ್ನೊಬ್ಬ ತಂಗಿ ಯೂನಿಸ್ ಪತ್ರಿಕೆಯೊಂದರಲ್ಲಿ ಅಕ್ಕನ ಬಗ್ಗೆ ಬಿಚ್ಚಿ ಬರೆದರು. ಆ ಮನೆತನದ ಪ್ರತಿಷ್ಠಾನವೇ 1980ರಿಂದ ವಾಷಿಂಗ್ಟನ್ನಿನಲ್ಲಿ ಒಂದು ವರ್ಷದ ಫೆಲೋಶಿಪ್ ನಡೆಸಿಕೊಂಡು ಬಂತು. ಇಂಥ ಮಕ್ಕಳ ತಂದೆತಾಯಿ, ಒಡಹುಟ್ಟಿದವರು, ಈ ಕ್ಷೇತ್ರದಲ್ಲಿ ದುಡಿದವರು ಅಲ್ಲಿನ ಸಂಸತ್ತಿನ ಕಚೇರಿಗಳಲ್ಲಿ ಕೂತು ಕಾನೂನು ತಯಾರಾಗುವುದನ್ನು ಒಳಗಿನಿಂದ ನೋಡಿದರು, ಕೈ ಹಾಕಿದರು. 1987ರಲ್ಲಿ ಮಿನ್ನೆಸೋಟಾ ಎಂಬ ರಾಜ್ಯ ಇನ್ನೂ ಸರಳವಾದದ್ದು ಮಾಡಿತು. ತಂದೆತಾಯಂದಿರನ್ನೂ ವಿಕಲಚೇತನರನ್ನೂ ವಾರಾಂತ್ಯಗಳಲ್ಲಿ ಸೇರಿಸಿ, ಶಾಸಕರ ಮುಂದೆ ಮಾತಾಡುವುದು ಹೇಗೆ, ಕಾನೂನು ಓದುವುದು ಹೇಗೆ ಎಂದು ಪಾಠ ಹೇಳಿಸಿತು. ಅದು ಬೇರೆ ರಾಜ್ಯಗಳಿಗೂ ಹಬ್ಬಿತು.

ಅದೆಲ್ಲ ಸಾಹುಕಾರ ದೇಶದ ಮಾತು ಎನ್ನುವವರಿಗೆ ಹತ್ತಿರದ್ದನ್ನೇ ಹೇಳೋಣ. ನಮ್ಮ ಬಂಡೀಪುರ ಕಾಡು ದಾಟಿದರೆ ಕೇರಳ. ಆ ರಾಜ್ಯದ ಉತ್ತರದ ತುದಿ ಕಾಸರಗೋಡು. ಅಲ್ಲಿನ ಎಣ್ಮಕಜೆ, ಪಡ್ರೆ ಊರುಗಳಲ್ಲಿ ಇರುವವರು ನಮ್ಮವರೇ, ಕನ್ನಡ ಓದಿದವರು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ವಿಷ ಸುರಿದು ಸುರಿದು, 2000ದಲ್ಲಿ ಅದು ನಿಲ್ಲುವ ಹೊತ್ತಿಗೆ ಎರಡು ದಶಕ ದಾಟಿತ್ತು. ಮನೆಮನೆಯಲ್ಲೂ ಕೈಕಾಲು ಸೊಟ್ಟಗಾದ, ಬುದ್ಧಿ ಬೆಳೆಯದ ಮಕ್ಕಳು. ಪಡ್ರೆಯ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್, ಪತ್ರಕರ್ತ ಶ್ರೀಪಡ್ರೆ ಮೊದಲೇ ಕೂಗಿ ಹೇಳಿದ್ದರು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷಕ್ಕೆ ತಡೆ ಹಾಕಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಿ ಎಂದಿತು. ಕೊಟ್ಟರೇ? ಐದು ವರ್ಷ ಕಳೆದು 2022ರಲ್ಲಿ ಅದೇ ಕೋರ್ಟಿನ ಮುಂದೆ ಬಯಲಾದ ಸಂಗತಿ ಏನೆಂದರೆ, ನ್ಯಾಯಾಂಗ ನಿಂದನೆ ಅರ್ಜಿ ಹಾಕಿಕೊಂಡು ಬಂದ ಎಂಟು ಮಂದಿಗೆ ಮಾತ್ರ ದುಡ್ಡು ಸಂದಿತ್ತು!

ನಡುವೆ 2019ರ ಜನವರಿ ಕೊನೆಯಲ್ಲಿ ಆ ತಾಯಂದಿರು ಮಕ್ಕಳನ್ನು ಕಟ್ಟಿಕೊಂಡು ತಿರುವನಂತಪುರದ ಸೆಕ್ರೆಟೇರಿಯಟ್ ಮುಂದೆ ಉಪವಾಸ ಕೂತರು. ಕಾಸರಗೋಡಿನಿಂದ ತಿರುವನಂತಪುರವೆಂದರೆ ರಾಜ್ಯದ ಈ ಕೊನೆಯಿಂದ ಆ ಕೊನೆ. ಬಿಸಿಲಿನಲ್ಲಿ, ರಸ್ತೆ ಬದಿಯಲ್ಲಿ, ಕುತ್ತಿಗೆ ನಿಲ್ಲದ ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡು. ಆಮೇಲೆ ಮುಖ್ಯಮಂತ್ರಿ ಮಾತುಕತೆಗೆ ಕರೆದರು, ಪಟ್ಟಿಗೆ ಬಿಟ್ಟುಹೋದ ಮಕ್ಕಳನ್ನು ಸೇರಿಸುವ ಮಾತಾಯಿತು. ಬಿಟ್ಟುಹೋದ ಮಕ್ಕಳು ಯಾರು ಎಂಬುದು ಆ ತಾಯಂದಿರಿಗೆ ಮೊದಲ ದಿನದಿಂದ ಗೊತ್ತಿತ್ತು. ಪಟ್ಟಿ ಬರೆಯುವಾಗಲೇ ಅವರಲ್ಲಿ ಇಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರೆ ಈ ಉಪವಾಸ ಏಕೆ ಬೇಕಿತ್ತು?

ಕೇರಳದ್ದೇ ಒಂದು ಒಳ್ಳೆಯ ಮಾತನ್ನೂ ಹೇಳಿಬಿಡಬೇಕು. 2004ರಲ್ಲಿ ತಿರುವನಂತಪುರ ಜಿಲ್ಲೆಯ ವೆಂಙಾನೂರು ಪಂಚಾಯಿತಿ ಇಂಥ ಮಕ್ಕಳಿಗಾಗಿ 'ಬಡ್ಸ್' ಎಂಬ ಶಾಲೆ ತೆರೆಯಿತು. ಈಗ ಕಾಸರಗೋಡು ಸೇರಿ ಎಷ್ಟೋ ಪಂಚಾಯಿತಿಗಳಲ್ಲಿ ಇವೆ. ಶಾಲೆ ಪಂಚಾಯಿತಿಯದು, ದೇಖರೇಖಿ ಮಹಿಳಾ ಸ್ವಸಹಾಯ ಸಂಘಗಳ ಕುಟುಂಬಶ್ರೀಯದು. ನಮ್ಮ ರಾಜ್ಯದಲ್ಲೂ ಎಂಡೋಸಲ್ಫಾನ್ ಬಿದ್ದ ದಕ್ಷಿಣ ಕನ್ನಡದ ಕೊಕ್ಕಡದಲ್ಲಿ ಹಗಲು ಪಾಲನಾ ಕೇಂದ್ರ ಬಂತು. ಅದೂ ಊರಿನವರು ಬೀದಿಗಿಳಿದು ವರ್ಷಗಟ್ಟಲೆ ಹೋರಾಡಿದ ಮೇಲೆ. ಗುಂಡ್ಲುಪೇಟೆಯಲ್ಲಿ ವಿಷ ಬೀಳಲಿಲ್ಲ, ಆದ್ದರಿಂದ ಸುದ್ದಿಯೂ ಆಗಲಿಲ್ಲ. ಹಂಗಳದಲ್ಲೊಂದು, ಬೇಗೂರಲ್ಲೊಂದು, ಕಬ್ಬಹಳ್ಳಿಯಲ್ಲೊಂದು ಎಂದು ಚದುರಿ ಹೋಗಿರುವ ಮನೆಗಳು ಗುಂಪಾಗಿ ಕೂಗುವುದು ಕಷ್ಟ.

ಕಾನೂನಿನಲ್ಲಿ ಜಾಗವೇ ಇಲ್ಲವೆಂದಲ್ಲ. ತಂದೆತಾಯಿಗಳ ಸಂಘಗಳು 1990ರ ದಶಕದಲ್ಲಿ ಒಟ್ಟುಗೂಡಿ ಪಟ್ಟು ಹಿಡಿದಿದ್ದರ ಫಲವಾಗಿ 1999ರಲ್ಲಿ ರಾಷ್ಟ್ರೀಯ ನ್ಯಾಸ ಕಾಯಿದೆ ಬಂತು. ದೆಹಲಿಯ ಅದರ ಮಂಡಳಿಯಲ್ಲಿ ತಂದೆತಾಯಿಗಳ ಸಂಘಗಳಿಗೇ ಮೂರು ಸ್ಥಾನ ಇಟ್ಟರು. ಜಿಲ್ಲೆಗೊಂದು ಸ್ಥಳೀಯ ಮಟ್ಟದ ಸಮಿತಿ ಇರಬೇಕೆಂದಿದೆ, ಅದಕ್ಕೆ ಜಿಲ್ಲಾಧಿಕಾರಿಗಳೇ ಹಿರಿಯರು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಇನ್ನೊಂದು ಜಿಲ್ಲಾ ಸಮಿತಿ. ಹೆಸರು ಎರಡಿವೆ. ನಮ್ಮ ಓದುಗರಲ್ಲಿ ಎಷ್ಟು ಜನ ಇವುಗಳ ಹೆಸರು ಕೇಳಿದ್ದೀರಿ? ಬಸ್ಸಿನಲ್ಲಿ ಸಿಕ್ಕ ಆ ತಾಯಿ ಕೇಳಿರಲಿಲ್ಲ.

ಕೇಳಿದ್ದರೆ ಅವಳಿಗೆ ಅದು ಎಷ್ಟು ಮುಖ್ಯವಾಗುತ್ತಿತ್ತು ಗೊತ್ತೇ? ಮಗನಿಗೆ ಹದಿನೆಂಟು ತುಂಬಿದ ದಿನ ಕಾನೂನಿನ ಕಣ್ಣಲ್ಲಿ ಅವನು ದೊಡ್ಡವನು. ಹೆತ್ತವಳು ಪೋಷಕಿ ಎಂದು ತಾನಾಗಿಯೇ ಅನ್ನಿಸಿಕೊಳ್ಳುವುದು ಅಂದಿಗೆ ಮುಗಿಯಿತು. ಬ್ಯಾಂಕಿಗೆ ಹೋದರೆ 'ನಿಮ್ಮ ಮಗ ಮೇಜರ್ ಅಮ್ಮ, ಅವನೇ ಸೈನ್ ಹಾಕಲಿ' ಎನ್ನುತ್ತಾರೆ. ಸೈನ್ ಎಂದರೇನೆಂದು ತಿಳಿಯದವನು ಏನು ಹಾಕಿಯಾನು? ಇದಕ್ಕೆ ಮದ್ದು ಆ ಜಿಲ್ಲಾ ಸಮಿತಿಯೇ. ರಾಷ್ಟ್ರೀಯ ನ್ಯಾಸ ಕಾಯಿದೆಯ 14ನೇ ಕಲಂ ಪ್ರಕಾರ ತಂದೆಯೋ ತಾಯಿಯೋ ನೆಂಟರೋ ಅರ್ಜಿ ಹಾಕಿ, ತಾವು ನಂಬಿದವರನ್ನು ಪೋಷಕರೆಂದು ಮಾಡಿಸಿಕೊಳ್ಳಬಹುದು. ಆ ಪತ್ರವನ್ನು ಒಪ್ಪಬೇಕೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಹೇಳಿದೆ. ಅದಕ್ಕೆ ಸಿವಿಲ್ ಕೋರ್ಟಿಗೆ ಅಲೆಯುವುದೂ ಬೇಡ.

ಆ ತಾಯಿ ತೆರಕಣಾಂಬಿ ದಾಟಿದ ಮೇಲೆ, ಮಗ ಕಿಟಕಿಗೆ ಮುಖ ಒತ್ತಿ ಚೆಂಡು ಹೂವಿನ ಹೊಲ ನೋಡುತ್ತಿದ್ದಾಗ, ದನಿ ತಗ್ಗಿಸಿ ಹೇಳಿದ್ದು ಇಷ್ಟು: "ನಾ ಇರಾಗಂಟ ನಾ ನೋಡ್ಕತಿನಿ. ನಾ ಹೋದ್ಮ್ಯಾಲ ಇವುನ್ಗ ಯಾರ್ ಸೋಮಿ? ಇವ ನನ್ಗಿಂತ ಒಂದಿನ ಮೊದ್ಲು ಹೋಗ್ಲಿ ಅಂತ ಗೋಪಾಲಸ್ವಾಮಿಗ ಹರ್ಕ ಕಟ್ಟಿನಿ." ಹೆತ್ತ ತಾಯಿ ಇಂಥ ಹರಕೆ ಹೊರುವ ತಾಲೂಕಿನಲ್ಲಿ ನಾವು ಬಾಳುತ್ತಿದ್ದೇವೆ. ಆ ಹರಕೆಗೆ ಬದಲಾಗಿ ಒಂದು ಅರ್ಜಿ ಹಾಕಬಹುದಿತ್ತು ಎಂದು ಅವಳಿಗೆ ಹೇಳುವವರು ಇಲ್ಲ.

ಖರ್ಚಿನ ಮಾತು ಬರುತ್ತದೆ. ವ್ಯಾಪಾರಿಗಳು ಮೊದಲು ಕೇಳುವುದೇ ಅದು, ಕೇಳಲಿ. ನಮ್ಮ ಜಿಲ್ಲೆಯಲ್ಲಿ ಐದು ತಾಲೂಕು: ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ, ಯಳಂದೂರು, ಹನೂರು. ತಾಲೂಕಿಗೊಬ್ಬ ತಂದೆ ಅಥವಾ ತಾಯಿ. ತಿಂಗಳಿಗೆ 15,000 ರೂಪಾಯಿ ಭತ್ಯೆ. ಅವರು ಕಚೇರಿಯಲ್ಲಿ ಕೂತಿರುವಾಗ ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರಿಗೆ 6,000. ಇದು ಕೊಡದಿದ್ದರೆ ಫೆಲೋಶಿಪ್ ಬರೀ ಕಾಗದ, ಮಗುವನ್ನು ಬಿಟ್ಟು ಯಾರೂ ಬರಲಾರರು. ಒಟ್ಟು ವರ್ಷಕ್ಕೆ 12 ಲಕ್ಷ 60 ಸಾವಿರ. 2021ರಲ್ಲಿ ಕೇಂದ್ರದ ಕೌಶಲ್ಯಾಭಿವೃದ್ಧಿ ಸಚಿವಾಲಯ ಐಐಎಂಗಳ ಜೊತೆ ಸೇರಿ ದೇಶದ ಜಿಲ್ಲೆಗಳಿಗೆಲ್ಲ ಮಹಾತ್ಮ ಗಾಂಧಿ ರಾಷ್ಟ್ರೀಯ ಫೆಲೋಗಳನ್ನು ಕಳಿಸಿತು. 21ರಿಂದ 30 ವಯಸ್ಸಿನ ಪದವೀಧರರು, ಮೊದಲ ವರ್ಷ ತಿಂಗಳಿಗೆ 50,000, ಎರಡನೇ ವರ್ಷ 60,000. ಲೆಕ್ಕ ಹಾಕಿ ನೋಡಿ, ಅಂಥ ಒಬ್ಬರಿಗೆ ಎರಡು ವರ್ಷಕ್ಕೆ 13 ಲಕ್ಷ 20 ಸಾವಿರ. ಆ ಹುಡುಗ ಹುಡುಗಿಯರು ಓದಿದವರು, ದುಡಿದವರು, ಅವರ ಮೇಲೆ ನಮಗೆ ಕೋಪವಿಲ್ಲ. ಒಬ್ಬರ ಹಣದಲ್ಲಿ ನಮ್ಮ ಐದು ತಾಲೂಕಿನ ಐದು ತಂದೆತಾಯಿ ಒಂದು ವರ್ಷ ಕೂರಬಹುದೆಂಬುದಷ್ಟೇ ನಮ್ಮ ಲೆಕ್ಕ. ಇಪ್ಪತ್ತು ಮೂವತ್ತು ವರ್ಷ ಇಂಥ ಮಗುವನ್ನು ಸಾಕಿದ ಅನುಭವ ಮೂವತ್ತರೊಳಗಿನ ಪದವೀಧರನಿಗೆ ಎಲ್ಲಿಂದ ಬರಬೇಕು?

ಇನ್ನೊಂದು ಆಕ್ಷೇಪ ನಮಗೇ ಹೊಳೆದಿದೆ. ಇಂಥದ್ದು ಬಂದರೆ ಪುಢಾರಿಗಳ ಭಾವಮೈದುನರು ಕ್ಯೂ ನಿಲ್ಲುತ್ತಾರೆ. ಆದ್ದರಿಂದ ಡಿಗ್ರಿ ಕೇಳಬೇಡಿ, ಇಂಟರ್‌ವ್ಯೂ ಮಾಡಬೇಡಿ. ಮಗುವಿನ ಗುರುತಿನ ಕಾರ್ಡು, ಮಗು ಅವರ ಜೊತೆಯೇ ಇದೆ ಎಂಬ ಗ್ರಾಮಸಭೆಯ ಮಾತು, ಇವೆರಡು ಸಾಕು. ಬಂದವರಲ್ಲಿ ಎಲ್ಲರೆದುರು ಚೀಟಿ ಎತ್ತಿ. ಓದಲು ಬರೆಯಲು ಬಾರದ ತಾಯಿ ಬಂದರೆ ಕಚೇರಿಯಲ್ಲಿ ಓದಿ ಹೇಳುವವರಿಗೆ ಬರವೇ?

ಒಂದು ಎಚ್ಚರಿಕೆಯೂ ಇರಲಿ. ತಂದೆತಾಯಿ ಹೇಳಿದ್ದೆಲ್ಲ ಮಕ್ಕಳ ಮನಸ್ಸಿನ ಮಾತೇ ಆಗಿರಬೇಕೆಂದಿಲ್ಲ. ಭಯಕ್ಕೆ ಮಕ್ಕಳನ್ನು ಮನೆಯಿಂದ ಆಚೆ ಬಿಡದ ತಂದೆತಾಯಿಯೂ ಉಂಟು. ಬಸ್ಸಿನ ಹುಡುಗನನ್ನೇ ನೋಡಿ. ಬೋರ್ಡು ಓದಲು ಬಾರದು, ಆದರೆ ಬಸ್ಸು ತಿರುಗುವ ಮೊದಲೇ ಡ್ರೈವರ್ ಯಾರೆಂದು ಹೇಳುತ್ತಾನೆ. ತಾಯಿ ಅವನನ್ನು ಅಂಗಡಿಗೆ ಒಬ್ಬನೇ ಕಳಿಸಲು ಹೆದರುತ್ತಾಳೆ. ಆದರೆ ನಿಲ್ದಾಣದ ಟೀ ಅಂಗಡಿಯವರು ಅವನ ಕೈಲಿ ಗ್ಲಾಸು ಜೋಡಿಸಿಸುತ್ತಾರೆ, ಒಂದೂ ಒಡೆದಿಲ್ಲವಂತೆ. ಆದ್ದರಿಂದ ವಾರಕ್ಕೊಂದು ದಿನ ಮಗನೂ ಕಚೇರಿಗೆ ಬರಲಿ. ಸಾಹೇಬರ ಎದುರಿನ ಕುರ್ಚಿಯಲ್ಲಿ ಅರ್ಧ ಗಂಟೆ ಕೂರಲಿ. ಕಡತದಲ್ಲಿ 'ಫಲಾನುಭವಿ' ಎಂದು ಬರೆಯುತ್ತಾರಲ್ಲ, ಆ ಫಲಾನುಭವಿಯ ಮುಖ ಅವರೂ ನೋಡಲಿ.

ಜಿಲ್ಲಾಧಿಕಾರಿಗಳು, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ನಮ್ಮ ಶಾಸಕರು ಈ ಅಂಕಣ ಓದುತ್ತಾರೋ ಇಲ್ಲವೋ, ಯಾರಾದರೂ ಕತ್ತರಿಸಿ ಅವರ ಮೇಜಿನ ಮೇಲೆ ಇಟ್ಟರೆ ಉಪಕಾರ. ಮುಂದಿನ ಬಜೆಟ್ಟಿಗೆ ಜಿಲ್ಲೆಯಿಂದ ಬೇಡಿಕೆ ಹೋಗುವಾಗ ಒಂದು ಪ್ಯಾರಾ ಸೇರಿಸಲು ಖರ್ಚಿಲ್ಲ. ಅಲ್ಲಿಯವರೆಗೆ ಮಾಡಬಹುದಾದ್ದೂ ಇದೆ: ಪೋಷಕರ ನೇಮಕದ ಜಿಲ್ಲಾ ಸಮಿತಿಯ ಸಭೆ ಯಾವತ್ತು, ಅರ್ಜಿ ಎಲ್ಲಿ ಸಿಗುತ್ತದೆ ಎಂಬ ಎರಡು ಸಾಲನ್ನು ಪ್ರತಿ ತಾಲೂಕಿನ ಬಸ್ ನಿಲ್ದಾಣದಲ್ಲಿ ದಪ್ಪ ಅಕ್ಷರದಲ್ಲಿ ಬರೆಸುವುದು. ಗೋಡೆಯ ಮೇಲೆ ಗುಟ್ಕಾ ಜಾಹೀರಾತಿಗೆ ಜಾಗ ಸಿಗುವುದಾದರೆ ಇದಕ್ಕೂ ಸಿಕ್ಕೀತು.

ಇಂಥ ಮಕ್ಕಳಿರುವ ತಂದೆತಾಯಂದಿರು ತಮ್ಮ ಅಲೆದಾಟವನ್ನು ನಮಗೆ ಬರೆದು ಕಳಿಸಬಹುದು. ಬೇಡವೆಂದರೆ ಹೆಸರು ಹಾಕುವುದಿಲ್ಲ. ಬರೆಯಲು ಬಾರದವರು ಪತ್ರಿಕೆಯ ಕಚೇರಿಗೆ ಬಂದು ಹೇಳಿ, ನಾವೇ ಬರೆದುಕೊಳ್ಳುತ್ತೇವೆ. ಮಕ್ಕಳನ್ನೂ ಕರೆತನ್ನಿ. ನಮ್ಮ ಆಫೀಸಿನ ಫ್ಯಾನೂ ಗರಗರ ಎನ್ನುತ್ತದೆ, ಆರಿಸುತ್ತೇವೆ.